ಬಯೋಡೇಟಾದ ‘ಅನುಭವ’ ಕಾಲಂ

ಮಾನ್ಯ ಸಂಪಾದಕರೇ,

ತುಮಕೂರಿನ ಬಿ.ಎಚ್. ರಸ್ತೆಯ ಅಡ್ಡರಸ್ತೆಯೊಂದರಲ್ಲಿ ಜೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿ ಇಟ್ಟುಕೊಂಡಿರುವ ನಾನು, ಕೆಲಸ ಹುಡುಕುವ ಹುಡುಗ ಹುಡುಗಿಯರ ಬಯೋಡೇಟಾಗಳನ್ನು ದಿನವೂ ಟೈಪ್ ಮಾಡಿಕೊಡುತ್ತೇನೆ. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಓದು, ಗೊತ್ತಿರುವ ಭಾಷೆಗಳು ಇವನ್ನೆಲ್ಲ ಪಟಪಟನೆ ಹೇಳುವವರು ‘ಅನುಭವ’ ಎಂಬ ಕಾಲಂ ಬಂದೊಡನೆ ಸುಮ್ಮನಾಗುತ್ತಾರೆ. ‘ಫ್ರೆಷರ್’ ಎಂದು ಹಾಕಲೇ ಎಂದು ಕೇಳಿದರೆ, ‘ಬೇಡ ಅಣ್ಣ, ಹಾಗೆ ಬರೆದರೆ ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ, ಖಾಲಿ ಬಿಡಿ’ ಎನ್ನುತ್ತಾರೆ.

ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳ ಕೆಲಸದ ಚೀಟಿಗಳನ್ನು ಗುತ್ತಿಗೆದಾರರ ಕಡೆಯವರು ನನ್ನಲ್ಲಿಗೇ ಜೆರಾಕ್ಸ್‌ಗೆ ತರುವುದರಿಂದ ಆ ಮಾತು ಸುಳ್ಳಲ್ಲವೆಂದು ನನಗೆ ಗೊತ್ತು. ಬಾಯ್ಲರ್ ನೋಡಿಕೊಳ್ಳುವವನಿಗೆ ಪ್ರಮಾಣಪತ್ರವೂ ಅನುಭವವೂ ಇರಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಪೆಟ್ಟಿಗೆಗೆ ಟೇಪು ಸುತ್ತಿ ಲೇಬಲ್ ಅಂಟಿಸುವ ಪ್ಯಾಕಿಂಗ್ ಹೆಲ್ಪರ್ ಕೆಲಸಕ್ಕೂ ‘ಕನಿಷ್ಠ 2 ವರ್ಷ ಅನುಭವ’ ಎಂದು ಅಚ್ಚು ಹಾಕಿಸುವುದನ್ನು ನೋಡಿದಾಗ, ಆ ಎರಡು ವರ್ಷವನ್ನು ಮೊದಲು ಯಾರು ಕೊಡಬೇಕು ಎಂದು ಕೇಳುವ ಹಾಗಾಗುತ್ತದೆ. ‘ಅನುಭವ ಬೇಕಿಲ್ಲ’ ಎಂದು ಲೈಟುಕಂಬಗಳ ಮೇಲೆ ಕಾಣುವ ಚೀಟಿಗಳ ಕಥೆಯೇ ಬೇರೆ; ಅಲ್ಲಿ ಫೋನ್ ಮಾಡಿದರೆ ಯೂನಿಫಾರ್ಮಿಗೆ, ಟ್ರೈನಿಂಗಿಗೆ ಎಂದು ಮೊದಲು ದುಡ್ಡು ಕೇಳುತ್ತಾರೆ.

ಕಳೆದ ಆಷಾಢದಲ್ಲಿ ಕೊರಟಗೆರೆ ಕಡೆಯ ಒಬ್ಬ ಹುಡುಗ, ಐ.ಟಿ.ಐ. ಫಿಟ್ಟರ್ ಮುಗಿಸಿದವನು, ಮೊಬೈಲಿನಲ್ಲಿದ್ದ ಒಂದು ಅನುಭವ ಪತ್ರವನ್ನು ತೋರಿಸಿ, ಅದರಲ್ಲಿ ತನ್ನ ಹೆಸರು ಸೇರಿಸಿ ಪ್ರಿಂಟ್ ಕೊಡಲು ಕೇಳಿದ. ಮುಚ್ಚಿಹೋದ ಯಾವುದೋ ವರ್ಕ್‌ಶಾಪಿನ ಲೆಟರ್‌ಹೆಡ್ ಅದು. ನಾನು ಒಪ್ಪಲಿಲ್ಲ, ಅವನು ಬೇರೆ ಕಡೆ ಮಾಡಿಸಿಕೊಂಡ. ತಿಂಗಳು ಕಳೆದ ಮೇಲೆ ಅಂಕಪಟ್ಟಿಗಳನ್ನು ಮತ್ತೆ ಜೆರಾಕ್ಸ್ ಮಾಡಿಸಲು ಬಂದಾಗ ನಡೆದದ್ದನ್ನು ಹೇಳಿದ. ಕಂಪನಿಯವರು ಪತ್ರವನ್ನು ಓದಲೂ ಇಲ್ಲವಂತೆ, ಪಿ.ಎಫ್. (ಭವಿಷ್ಯನಿಧಿ) ಇರುವ ನೌಕರರಿಗೆ ಸಿಗುವ ಯು.ಎ.ಎನ್. ಸಂಖ್ಯೆ ಕೇಳಿದರಂತೆ. ಅದು ಅವನಲ್ಲಿ ಇರಲಿಲ್ಲ. ಅವನು ಮಾಡಿದ್ದನ್ನು ನಾನು ಸರಿ ಎನ್ನುವುದಿಲ್ಲ, ಆದರೆ ಅವನು ಕಲಿತ ಎರಡು ವರ್ಷದ ಫಿಟ್ಟರ್ ವಿದ್ಯೆಯನ್ನು ಒಂದು ಸಲ ಕೈಗೆ ಕಬ್ಬಿಣ ಉಜ್ಜುವ ಫೈಲು ಕೊಟ್ಟು ಪರೀಕ್ಷಿಸಲೂ ಯಾರಿಗೂ ಪುರುಸೊತ್ತಿರಲಿಲ್ಲ ಎಂಬುದು ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಅನುಭವವಿಲ್ಲದವರನ್ನು ತೆಗೆದುಕೊಂಡು ಕಲಿಸಲೆಂದೇ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಅದರ ನಿಯಮಗಳ ಪ್ರಕಾರ, 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯು, ಗುತ್ತಿಗೆ ಕಾರ್ಮಿಕರನ್ನೂ ಲೆಕ್ಕಕ್ಕೆ ಹಿಡಿದು, ತನ್ನ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸರನ್ನು ಇಟ್ಟುಕೊಳ್ಳಲೇಬೇಕು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಕೇಂದ್ರ ಸರ್ಕಾರವು ಶಿಷ್ಯವೇತನದ ಶೇ 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯಲ್ಲಿ, ತಾನೇ ಭರಿಸುತ್ತದೆ. ನನ್ನ ಅಂಗಡಿಗೆ ಬರುವ ಹತ್ತು ಮಂದಿಯಲ್ಲಿ ಒಬ್ಬಿಬ್ಬರನ್ನು ಬಿಟ್ಟರೆ ಉಳಿದವರು ಈ ವಿಷಯವನ್ನೇ ಕೇಳಿಲ್ಲ.

ಇಲ್ಲೊಂದು ತೊಡಕೂ ಇದೆ. ಈ ಕಾಯ್ದೆಯಡಿ ಸೇರುವ ಅಪ್ರೆಂಟಿಸರು ಭವಿಷ್ಯನಿಧಿ ಕಾನೂನಿನ ಅರ್ಥದಲ್ಲಿ ನೌಕರರಲ್ಲವಾದ್ದರಿಂದ ಅವರ ಹೆಸರಿನಲ್ಲಿ ಪಿ.ಎಫ್. ಕಟ್ಟುವುದಿಲ್ಲ. ಹೀಗಾಗಿ ಅನುಭವವನ್ನು ಯು.ಎ.ಎನ್. ಸಂಖ್ಯೆಯಲ್ಲೇ ಹುಡುಕುವ ಕಂಪನಿಯ ಕಣ್ಣಿಗೆ, ವರ್ಷವಿಡೀ ಯಂತ್ರದ ಮುಂದೆ ನಿಂತು, ಪರೀಕ್ಷೆ ಬರೆದು, ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಪಡೆದವನೂ ಮನೆಯಲ್ಲಿ ಕೂತಿದ್ದವನೂ ಒಂದೇ ಆಗಿ ಕಾಣುತ್ತಾರೆ. ಆ ಪ್ರಮಾಣಪತ್ರವನ್ನು ಒಂದು ವರ್ಷದ ಅನುಭವವೆಂದು ಒಪ್ಪಬೇಕೆಂದು ಜಿಲ್ಲಾಡಳಿತವು ನಮ್ಮ ಕೈಗಾರಿಕೆಗಳವರನ್ನು ಕೂರಿಸಿಕೊಂಡು ಮಾತನಾಡುವುದಕ್ಕೆ ಹೊಸ ಕಾನೂನು ಬೇಕಾಗಿಲ್ಲ, ಅನುದಾನವೂ ಬೇಕಾಗಿಲ್ಲ.

ಯಾರಿಗೆ ಕೆಲಸವಿಲ್ಲ ಎಂಬ ಪಟ್ಟಿಯನ್ನೂ ಹೊಸದಾಗಿ ಮಾಡಬೇಕಿಲ್ಲ. ಪಾಸಾಗಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುವ ರಾಜ್ಯದ ಯುವನಿಧಿಯ ಅರ್ಜಿಗಳನ್ನು ನಾನೇ ಸೇವಾ ಸಿಂಧುವಿನಲ್ಲಿ ಎಷ್ಟೋ ತುಂಬಿಕೊಟ್ಟಿದ್ದೇನೆ. ಓದು, ಊರು, ಮೊಬೈಲ್ ಸಂಖ್ಯೆ ಎಲ್ಲವೂ ಅದರಲ್ಲಿವೆ. ನಿರುದ್ಯೋಗಿ ಎಂದು ಅವರಿಂದ ಮತ್ತೆ ಮತ್ತೆ ಸ್ವಯಂಘೋಷಣೆ ಪಡೆಯುವ ಸರ್ಕಾರ, ವಸಂತನರಸಾಪುರದ ಯಾವ ಕಾರ್ಖಾನೆಯಲ್ಲಿ ಎಷ್ಟು ಅಪ್ರೆಂಟಿಸ್ ಜಾಗ ಖಾಲಿ ಇದೆ ಎಂಬ ಒಂದು ಸಂದೇಶವನ್ನೂ ಅದೇ ಸಂಖ್ಯೆಗೆ ಕಳಿಸಬಹುದು. ಯುವನಿಧಿ ವ್ಯಾಪ್ತಿಗೆ ಬಾರದ ಐ.ಟಿ.ಐ., ಪಿ.ಯು. ಮುಗಿಸಿದವರಿಗಾಗಿ ಆ ಖಾಲಿ ಜಾಗಗಳ ಪಟ್ಟಿಯನ್ನು ಐ.ಟಿ.ಐ.ಗಳ, ಗ್ರಾಮ ಪಂಚಾಯಿತಿಗಳ ನೋಟಿಸ್ ಬೋರ್ಡಿಗೆ ತಿಂಗಳಿಗೊಮ್ಮೆ ಹಾಕಿಸಿದರೆ, ಪಾವಗಡದಿಂದ ಬೆಳಿಗ್ಗೆ ಐದಕ್ಕೆ ಬಸ್ಸು ಹತ್ತಿ ಬಂದು, ಒಂದೊಂದೇ ಗೇಟಿನಲ್ಲಿ ವಿಚಾರಿಸಿ, ಸಂಜೆ ಬರಿಗೈಯಲ್ಲಿ ಹಿಂದಿರುಗುವವರ ಬಸ್ ಚಾರ್ಜಾದರೂ ಉಳಿಯುತ್ತದೆ. ಜಿಲ್ಲಾ ಕೌಶಲ್ಯಾಭಿವೃದ್ಧಿ ಅಧಿಕಾರಿಗಳು ಮತ್ತು ಜಿಲ್ಲಾ ಕೈಗಾರಿಕಾ ಕೇಂದ್ರದವರು ಈ ಬಗ್ಗೆ ಗಮನ ಹರಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಸದ್ಯಕ್ಕೆ ನನ್ನ ಅಂಗಡಿಯ ಗಾಜಿನ ಮೇಲೆ ಅಪ್ರೆಂಟಿಸ್ ನೋಂದಣಿಯ ಜಾಲತಾಣದ ವಿಳಾಸ ಅಂಟಿಸಿದ್ದೇನೆ, ಆ ಅರ್ಜಿ ತುಂಬಲು ಹಣ ತೆಗೆದುಕೊಳ್ಳುತ್ತಿಲ್ಲ. ಕೊರಟಗೆರೆಯ ಹುಡುಗನ ಅರ್ಜಿ ಮೊದಲನೆಯದು.

ಇಂತಿ,
ಡಿ.ಟಿ.ಪಿ. ಅಂಗಡಿಯೊಂದರ ಮಾಲೀಕ,
ತುಮಕೂರು