ಕತ್ತಲಲ್ಲಿ ಜೋಡಿ ನಳಿಗೆ ಕೋವಿ

ಮಾನ್ಯರೇ,

ತೋಟದ ಮನೆಯಲ್ಲಿ ಜೋಡಿ ನಳಿಗೆ ಕೋವಿ ಇದ್ದರೆ ಧೈರ್ಯ ಎನ್ನುವವರು ನಮ್ಮ ಮದ್ದೂರು ಕಡೆ ಜಾಸ್ತಿ. ನಮ್ಮಲ್ಲೂ ತಾತನ ಕಾಲದ 12 ಬೋರ್ ಅಳತೆಯ ಕೋವಿ ಲೈಸೆನ್ಸ್ ಸಮೇತ ಇದೆ. ಸುಲಭಕ್ಕೆ ಕೈಕೊಡುವುದಿಲ್ಲ, ನಿಜ. ಆದರೆ ಇರುವುದು ಎರಡೇ ಈಡು. ಆಮೇಲೆ ಕೋವಿಯ ನಳಿಗೆ ಬಾಗಿಸಿ ತೆರೆದು, ಖಾಲಿ ತೋಟಾ (ಕಾರ್ಟ್ರಿಜ್) ತೆಗೆದು, ಹೊಸದು ತುಂಬಬೇಕು. ಕತ್ತಲಲ್ಲಿ ಬೆರಳು ನಡುಗುತ್ತವೆ. ಕೋವಿಗೆ ಎರಡೂ ಕೈ ಬೇಕು, ಟಾರ್ಚ್ ಹಿಡಿಯುವವರು ಯಾರು?

ಹೋದ ತಿಂಗಳು ಕಬ್ಬಿನ ಗದ್ದೆಯಲ್ಲಿ ಸರಸರ ಸದ್ದಾಯಿತು. ಚಿರತೆಯೇ ಇರಬೇಕೆಂದು ಅಪ್ಪ ಕೋವಿಯ ಕುದುರೆಯ (ಟ್ರಿಗರ್) ಮೇಲೆ ಬೆರಳಿಟ್ಟರು. ನಾನು ಟಾರ್ಚ್ ಬಿಟ್ಟೆ. ನೀರು ಕಟ್ಟಲು ಬಂದಿದ್ದ ಪಕ್ಕದ ಮನೆ ಹುಡುಗ! ಎದೆ ಇನ್ನೂ ಝಲ್ ಎನ್ನುತ್ತದೆ.

ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಕೋವಿ ಲೈಸೆನ್ಸ್ ಅವಧಿಯನ್ನು 3ರಿಂದ 5 ವರ್ಷಕ್ಕೆ ಏರಿಸಿತು. ಆದರೆ ನಮಗೆ ಬೇಕಿರುವುದು ನೀರಿನ ಪಂಪ್ ಓಡಿಸಲು ಹಗಲಲ್ಲಿ ತ್ರೀ ಫೇಸ್ ಕರೆಂಟ್. ಅದು ಸಿಕ್ಕರೆ ರಾತ್ರಿ ಗದ್ದೆಗೆ ಯಾರು ಹೋಗುತ್ತಾರೆ?

– ಒಬ್ಬ ಕಬ್ಬು ಬೆಳೆಗಾರ, ಮದ್ದೂರು