ಭಾನುವಾರದ ಕ್ವಿಜ್: ಟ್ರಿನಿಡಾಡ್ ಮತ್ತು ಟೊಬಾಗೊ

ಗೆಳೆಯರೇ, ರಾಷ್ಟ್ರಲಾಂಛನದ ಹಳೇ ಚಿತ್ರ ನೋಡಿಕೊಂಡು ಬರಬೇಡಿ. ಕೊಲಂಬಸ್‌ನ ಮೂರು ಹಡಗು ತೆಗೆದು ಆ ಜಾಗಕ್ಕೆ ಸ್ಟೀಲ್‌ಪ್ಯಾನ್ ತಂದಿದ್ದಾರೆ. ಕಾನೂನು ಬದಲಾದದ್ದು 2025ರಲ್ಲಿ. ಎಣ್ಣೆ ಡ್ರಮ್ಮಿನ ತಳ ಬಡಿದು ತಗ್ಗು ಮಾಡಿ, ಅದರೊಳಗೇ ಒಂದೊಂದು ಸ್ವರಕ್ಕೂ ಬೇರೆ ಬೇರೆ ಜಾಗ ತಟ್ಟಿ ಕೂರಿಸುವ ವಾದ್ಯ ಅದು. ನನ್ನ ಕೇಳಿದರೆ ಹಡಗಿಗಿಂತ ಇದೇ ಸರಿ, ಅವರ ನೆಲದಲ್ಲೇ ಹುಟ್ಟಿದ್ದಲ್ವಾ! ಗುರಾಣಿಯ ಅಕ್ಕಪಕ್ಕ ನಿಂತ ಹಕ್ಕಿಗಳನ್ನು ಅದಲುಬದಲು ಮಾಡಬೇಡಿ: ಕೆಂಪು ಐಬಿಸ್ ಟ್ರಿನಿಡಾಡಿನದು, ಕೊಕ್ರಿಕೊ ಟೊಬಾಗೊದ್ದು.

ಅಧ್ಯಕ್ಷರಲ್ಲಿ ಇಷ್ಟು ಸಾಕು: 1976ರಲ್ಲಿ ಮೊದಲಿಗ ಎಲ್ಲಿಸ್ ಕ್ಲಾರ್ಕ್, 1987ರಲ್ಲಿ ಭಾರತ ಮೂಲದ ನೂರ್ ಹಸನಲಿ, 2018ರಲ್ಲಿ ಮೊದಲ ಮಹಿಳೆ ಪೌಲಾ-ಮೇ ವೀಕ್ಸ್, 2023ರಲ್ಲಿ ಕ್ರಿಸ್ಟೀನ್ ಕಾಂಗಲೂ. ಪ್ರಧಾನಿಗಳ ಪಟ್ಟಿ ಬೇರೆ, ಬೆರೆಸಬೇಡಿ.