ಮಕ್ಕಳ ನೋಟ್‌ಬುಕ್ ಒಂದ್ಸಲ ತೆರೆದು ನೋಡಿ

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನ ನಡೀತಿರೋ ಸಮಯ, ಅದಕ್ಕೇ ಈ ಪತ್ರ. ನನ್ನ ಮಗಳು ಎಂಟನೇ ಕ್ಲಾಸು. ಹೋದ ಬೇಸಿಗೆ ರಜೇಲಿ ಅವಳೂ ಪಕ್ಕದ್ಮನೆ ಹುಡುಗೀನೂ ಸೇರಿ ಒಂದು ಪ್ರಯೋಗ ಮಾಡಿದ್ರು. ಶುರುವಾಗಿದ್ದು ನಮ್ಮಮ್ಮನ ಮಾತಿಂದ. ಮಡಕೆ ನೀರು ಯಾಕಜ್ಜಿ ತಣ್ಣಗಿರುತ್ತೆ ಅಂದಿದ್ದಕ್ಕೆ, ಮಣ್ಣಿನ ಗುಣಾನೇ ತಂಪು ಕಣೆ ಅಂದ್ರು. ಹಂಗಾದ್ರೆ ಪೇಂಟ್ ಹೊಡೆದಿರೋ ಮಡಕೇನೂ ಮಣ್ಣೇ ಅಲ್ವಾ, ಅದ್ರಲ್ಲೂ ಅಷ್ಟೇ ತಣ್ಣಗಾಗ್ಬೇಕು ಅಂತ ಇಬ್ರೂ ಊಹೆ ಮಾಡಿ ನೋಟ್‌ಬುಕ್ಕಿನ ಮೊದಲನೇ ಪುಟದಲ್ಲಿ ಬರೆದಿಟ್ರು.

ಕುಂಬಾರರ ಹತ್ರ ಒಂದೇ ಸೈಜಿನ ಎರಡು ಮಡಕೆ ತಂದು ಒಂದಕ್ಕೆ ಹೊರಗಡೆ ಎರಡು ಕೋಟ್ ಎನಾಮಲ್ ಪೇಂಟ್ ಹೊಡೆದ್ರು, ಜೊತೆಗೆ ಅಷ್ಟೇ ದೊಡ್ಡದೊಂದು ಸ್ಟೀಲ್ ಬಿಂದಿಗೆ. ಮೂರಕ್ಕೂ 5 ಲೀಟರ್ ನೀರು, ಮೂರೂ ಪಡಸಾಲೆಯ ಒಂದೇ ಮೂಲೇಲಿ, ಮೂರಕ್ಕೂ ಒಂದೇ ಥರ್ಮಾಮೀಟರ್, ಬೆಳಗ್ಗೆ 8ರಿಂದ ಸಂಜೆ 4ರವರೆಗೆ ಗಂಟೆಗೊಂದು ರೀಡಿಂಗ್. ಬರೀ ಪೇಂಟ್‌ನಿಂದ ಏನಾಗುತ್ತೆ ಅಂತ ಗೊತ್ತಾಗ್ಬೇಕಾದ್ರೆ ಮಿಕ್ಕಿದ್ದೆಲ್ಲ ಒಂದೇ ಥರ ಇರ್ಬೇಕು ಅನ್ನೋದು ಅವರಿಗೆ ಪುಸ್ತಕದಿಂದ ತಲೆಗೆ ಹೋಗಿರಲಿಲ್ಲ, ಮೊದಲನೇ ದಿನ ಬಿಂದಿಗೆನ ಕಿಟಕಿ ಹತ್ರ ಬಿಸಿಲಿಗೆ ಇಟ್ಟು ರೀಡಿಂಗ್ ಎಲ್ಲಾ ಕೆಟ್ಟು ಹೋದಾಗ ತಾನಾಗೇ ಅರ್ಥ ಆಯ್ತು. ಆ ಪುಟ ಹರಿದು ಹಾಕ್ಲಿಲ್ಲ, ಪಕ್ಕದಲ್ಲಿ ತಪ್ಪಾಗಿದ್ದು ಯಾಕೆ ಅಂತ ಬರೆದು ಮುಂದಕ್ಕೆ ಹೋದ್ರು.

ಆರು ದಿನ ಅಳೆದ್ರು. ಬರಿ ಮಡಕೆ ನೀರು ಬಿಂದಿಗೆ ನೀರಿಗಿಂತ 6-7 ಡಿಗ್ರಿ ಕಡಿಮೆ ಇರ್ತಿತ್ತು, ಪೇಂಟ್ ಹೊಡೆದ ಮಡಕೆ ಹೆಚ್ಚು ಕಡಿಮೆ ಬಿಂದಿಗೆ ಥರಾನೇ. ಊಹೆ ತಪ್ಪಾಯ್ತು! ಆಮೇಲೆ ದಿನಸಿ ಅಂಗಡಿ ತಕ್ಕಡೀಲಿ ಬೆಳಗ್ಗೆ ಸಂಜೆ ತೂಕ ಹಾಕ್ಸಿದ್ರೆ ಬರಿ ಮಡಕೆ ಮಾತ್ರ ಹಗುರ ಆಗಿತ್ತು, ಬಿಂದಿಗೆ ಹಂಗೇ ಇತ್ತು. ಅಂದ್ರೆ ನೀರು ಮಣ್ಣಿನ ಸಣ್ಣ ರಂಧ್ರಗಳಿಂದ ಹೊರಗೆ ಜಿನುಗಿ ಆವಿಯಾಗ್ತಿದೆ, ಆವಿಯಾಗೋಕೆ ಬೇಕಾದ ಶಾಖಾನ ಒಳಗಿರೋ ನೀರಿಂದಲೇ ಎಳ್ಕೊಳ್ತಿದೆ. 1 ಗ್ರಾಂ ನೀರು ಆವಿಯಾದ್ರೆ ಸುಮಾರು 580 ಗ್ರಾಂ ನೀರನ್ನ 1 ಡಿಗ್ರಿ ತಣ್ಣಗೆ ಮಾಡೋಷ್ಟು ಶಾಖ ಹೋಗುತ್ತೆ ಅಂತ ಲೆಕ್ಕ ತೋರಿಸ್ದಾಗ ಇಬ್ರ ಮುಖ ನೋಡ್ಬೇಕಿತ್ತು ನೀವು.

ಐದನೇ ದಿನ ಮಳೆ ಬಂತು. ಅವತ್ತು ಮಡಕೆಗೂ ಬಿಂದಿಗೆಗೂ ಎರಡೇ ಡಿಗ್ರಿ ವ್ಯತ್ಯಾಸ. ಅದೊಂದು ದಿನದ್ದು ಬಿಟ್ಬಿಡ್ರೋ, ಗ್ರಾಫ್ ಚೆನ್ನಾಗಿ ಕಾಣುತ್ತೆ ಅಂತ ನಾನೇ ಹೇಳಿದ್ದೆ, ಮಗಳು ಒಪ್ಲಿಲ್ಲ. ಥರ್ಮಾಮೀಟರ್ ಬುಡಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ ನೋಡಿದ್ರು, ಒಣ ದಿನ ಅದು ತುಂಬಾ ಕೆಳಗಿಳೀತಿತ್ತು, ಮಳೆ ದಿನ ಸ್ವಲ್ಪವೇ ಇಳೀತು. ಗಾಳೀಲಿ ಆಗ್ಲೇ ತೇವ ತುಂಬಿದ್ರೆ ಮಡಕೆ ನೀರು ಆವಿಯಾಗೋದು ನಿಧಾನ ಆಗುತ್ತೆ ಅಂತ ತಿಳಿದಿದ್ದು ಬಿಟ್ಬಿಡಿ ಅಂತ ನಾನು ಹೇಳಿದ್ದ ಆ ದಿನದಿಂದ್ಲೇ. ಇಷ್ಟೂ ವಿಷಯದಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಇದೇ.

ಶಾಲೆ ವಸ್ತುಪ್ರದರ್ಶನದಲ್ಲಿ ತೀರ್ಪುಗಾರರು ಬಂದು ಮೂರು ಪಾತ್ರೆ ನೋಡಿ, ಮಾಡೆಲ್ ಎಲ್ಲಿ ಅಂದ್ರಂತೆ. ನಮ್ಮ ಊಹೆ ತಪ್ಪಾಯ್ತು ಸರ್ ಅಂತ ಮಕ್ಕಳು ಹೇಳೋಕೆ ಶುರು ಮಾಡಿದ್ರೆ, ತಪ್ಪಾಗಿದ್ದು ಯಾಕೆ ತಂದ್ರಿ ಅಂತ ಮುಂದಿನ ಟೇಬಲ್‌ಗೆ ಹೋದ್ರಂತೆ. ನೋಟ್‌ಬುಕ್ ಮುಟ್ಲಿಲ್ಲ. ಬಹುಮಾನ ಅಂಗಡೀಲಿ ರೆಡಿ ಸಿಗೋ ಜ್ವಾಲಾಮುಖಿಗೆ ಹೋಯ್ತು, ಅಡುಗೆ ಸೋಡಾ ವಿನೆಗರ್ ಹಾಕಿದ್ರೆ ನೊರೆ ಉಕ್ಕುತ್ತಲ್ಲ ಅದು. ತಂದ ಮಗೂದೇನೂ ತಪ್ಪಿಲ್ಲ, ನಾವು ದೊಡ್ಡವರು ಏನಕ್ಕೆ ಚಪ್ಪಾಳೆ ತಟ್ತೀವೋ ಮಕ್ಕಳು ಅದನ್ನೇ ತರ್ತಾರೆ.

ಇದು ಮುಂದೆ ಪಿಯುಸಿ ಲ್ಯಾಬ್‌ವರೆಗೂ ಹೋಗುತ್ತೆ. ಅಲ್ಲಿ ಗುರುತ್ವಾಕರ್ಷಣೆಯ ವೇಗೋತ್ಕರ್ಷ ಕಂಡುಹಿಡಿಯೋಕೆ ಲೋಲಕ ತೂಗಿಸ್ತಾರೆ. 1 ಮೀಟರ್ ಉದ್ದದ ಲೋಲಕ 20 ಸಲ ಹೋಗಿ ಬರೋಕೆ ಸುಮಾರು 40 ಸೆಕೆಂಡ್ ಬೇಕು, 20 ಸಲ ಎಣಿಸೋದೇ ಸ್ಟಾಪ್‌ವಾಚ್ ಒತ್ತೋವಾಗ ಆಗೋ ಕೈತಪ್ಪು ಹಂಚಿಹೋಗಿ ಕಡಿಮೆ ಆಗ್ಲಿ ಅಂತ. ಆದ್ರೆ ಎಷ್ಟೋ ಮಕ್ಕಳು ಪುಸ್ತಕದಲ್ಲಿರೋ 9.8 ಅನ್ನೋ ಉತ್ತರ ಮೊದಲು ಬರ್ಕೊಂಡು ರೀಡಿಂಗ್‌ನ ಹಿಂದಿಂದ ಲೆಕ್ಕ ಹಾಕಿ ತುಂಬ್ತಾರೆ, ಯಾಕಂದ್ರೆ 9.5 ಬಂದ್ರೆ ಬೈಗುಳ.

ಬೇರೆ ದಾರಿ ಇಲ್ಲ ಅಂತೇನಿಲ್ಲ. 1993ರಿಂದ ನಡೀತಿರೋ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವಯಸ್ಸಿನ ಮಕ್ಕಳು ತಮ್ಮೂರಿನ ಸಮಸ್ಯೆ ತಗೊಂಡು ತಾವೇ ಅಳೆದು ದಿನಚರಿ ಪುಸ್ತಕ ಬರೆದು ತರ್ಬೇಕು. ಪವಾಡಗಳನ್ನ ಪರೀಕ್ಷೆ ಮಾಡೋಕೆ 1976ರಲ್ಲೇ ಸಮಿತಿ ಮಾಡಿದ ಎಚ್. ನರಸಿಂಹಯ್ಯನವರ ನಾಡು ಇದು. ಶಿಕ್ಷಣ ಇಲಾಖೆಯವರು ಶಾಲಾ ಮಟ್ಟದ ವಸ್ತುಪ್ರದರ್ಶನದಲ್ಲೂ ಅರ್ಧ ಅಂಕ ನೋಟ್‌ಬುಕ್‌ಗೆ ಅಂತ ನಿಯಮ ಮಾಡ್ಲಿ. ತೀರ್ಪುಗಾರರು ಮಗೂನ ಇಷ್ಟು ಕೇಳಿದ್ರೆ ಸಾಕು, ಏನನ್ನ ಬದಲಾಯಿಸಿದೆ, ಏನನ್ನ ಹಂಗೇ ಇಟ್ಟೆ, ಎಷ್ಟು ಸಲ ಅಳೆದೆ, ಯಾವ ರೀಡಿಂಗ್ ನೋಡಿ ಆಶ್ಚರ್ಯ ಆಯ್ತು.

ಮಕ್ಕಳಿಬ್ರೂ ಬಿಟ್ಟಿಲ್ಲ. ಬಿಂದಿಗೆಗೆ ಒದ್ದೆ ಗೋಣಿಚೀಲ ಸುತ್ತಿದ್ರೆ ಮಡಕೆಯಷ್ಟು ತಣ್ಣಗಾಗುತ್ತಾ ಅಂತ ಈ ಸಲದ ಪ್ರಶ್ನೆ, ಊಹೆ ಆಗ್ಲೇ ಬರೆದಿಟ್ಟಿದಾರೆ.

ಇಂತಿ,
ಒಬ್ಬ ಪೋಷಕ, ಚಿತ್ರದುರ್ಗ